ಬ್ಯಾಡಗಿಯೋ ಗುಂಟೂರೋ: ಪ್ರೇಮ ಕಾದಂಬರಿಗೆ ಖಾರ ಹತ್ತಿದ ಕಥೆ

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ನಮ್ಮ ಬೀದಿಯ ಕೊನೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಕಿರಾಣಿ ಅಂಗಡಿಯಷ್ಟು ಜಾಗ. ಮುಂದೆ ವಾರಪತ್ರಿಕೆಗಳು, ಮಧ್ಯೆ ಕನ್ನಡ ಕಾದಂಬರಿಗಳು, ಹಿಂದಿನ ಗೋಡೆಗೆ ಮಿಲ್ಸ್ ಅಂಡ್ ಬೂನ್ ಅನ್ನುವ ಇಂಗ್ಲಿಷ್ ಪ್ರೇಮ ಕಾದಂಬರಿಗಳು. ಹಿಂದಿನ ಗೋಡೆಯ ಪುಸ್ತಕ ಮನೆಗೆ ಹೊರಟಿತು ಅಂದರೆ ಅದಕ್ಕೆ ನ್ಯೂಸ್‌ಪೇಪರ್ ಬೈಂಡ್ ಬೀಳುತ್ತಿತ್ತು, ಸ್ಕೂಲ್ ಪುಸ್ತಕಕ್ಕೆ ಹಾಕುವ ಹಾಗೆ. ಇನ್ನೊಂದು ವಿಶೇಷ ಇತ್ತು. ಪುಸ್ತಕದ ಬೆನ್ನನ್ನು ಮೇಜಿನ ಮೇಲೆ ಊರಿ ಕೈಬಿಟ್ಟರೆ ಅದು ತಾನಾಗಿ ಒಂದು ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಸುಮಾರಾಗಿ ನೂರ ನಲವತ್ತನೇ ಪುಟದ ಆಸುಪಾಸು. ನಮಗಿಂತ ಮೊದಲು ಓದಿದವರೆಲ್ಲ ಎಲ್ಲಿ ಜಾಸ್ತಿ ಹೊತ್ತು ನಿಂತಿದ್ದರು ಅಂತ ಪುಸ್ತಕವೇ ಚಾಡಿ ಹೇಳುತ್ತಿತ್ತು.

ಈಗ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಯಾವುದೇ ದೊಡ್ಡ ಪುಸ್ತಕದಂಗಡಿಗೆ ಹೋಗಿ. ಗುಲಾಬಿ, ತಿಳಿ ನೀಲಿ, ಹಳದಿ ಬಣ್ಣದ ರಟ್ಟುಗಳು. ರಟ್ಟಿನ ಮೇಲೆ ಕಾರ್ಟೂನ್ ಹುಡುಗ, ಕಾರ್ಟೂನ್ ಹುಡುಗಿ, ಕೈಯಲ್ಲಿ ಕಾಫಿ ಕಪ್ಪು. ಮಕ್ಕಳ ಪುಸ್ತಕ ಅಂತ ಅನ್ನಿಸಬೇಕು, ಹಾಗಿರುತ್ತವೆ. ಒಳಗೆ ಮಾತ್ರ ನಮ್ಮ ಆ ಹಳೇ ನೂರ ನಲವತ್ತನೇ ಪುಟ ನಾಚಿಕೊಳ್ಳುವಂಥ ಅಧ್ಯಾಯಗಳು. ಬಿಲ್ ಮಾಡಿಸುವವರ ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಅಂಗಡಿಯಿಂದ ಹೊರಗೆ ಬಂದು ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿ, ಪಕ್ಕದಲ್ಲಿ ಎಷ್ಟು ಖಾರ ಅಂತ ತೋರಿಸಲು ಮೆಣಸಿನಕಾಯಿ ಚಿತ್ರ ಅಂಟಿಸುತ್ತಾರೆ. ಮೂರು ಮೆಣಸಿನಕಾಯಿ, ನಾಲ್ಕು ಮೆಣಸಿನಕಾಯಿ.

ಇದೆಲ್ಲ ಹೇಗಾಯಿತು? ಈಗಿನವರಿಗೆ ನಾಚಿಕೆ ಇಲ್ಲ ಅನ್ನುವುದು ಸುಲಭದ ಉತ್ತರ, ಆದರೆ ತಪ್ಪು ಉತ್ತರ. ಆ ಲೈಬ್ರರಿ ಪುಸ್ತಕಗಳ ಬೆನ್ನು ನೋಡಿದವರಿಗೆ ಗೊತ್ತು, ಆಸೆ ಆಗಲೂ ಇಷ್ಟೇ ಇತ್ತು. ಬದಲಾಗಿದ್ದು, ಓದುವಾಗ ನಮ್ಮನ್ನು ಯಾರು ನೋಡುತ್ತಿದ್ದಾರೆ ಅನ್ನುವುದು. ಅದನ್ನು ಹಿಡಿದುಕೊಂಡು ಹೋದರೆ ಈ ಕಥೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಮೆಣಸಿನಕಾಯಿ ಲೆಕ್ಕ ಮುಗಿಸೋಣ. ಇಂಗ್ಲಿಷ್ ರೊಮ್ಯಾನ್ಸ್ ಓದುವವರು ಬಾಗಿಲಿನ ಲೆಕ್ಕದಲ್ಲಿ ಮಾತಾಡುತ್ತಾರೆ. ನಾಯಕ ನಾಯಕಿ ಕೋಣೆಗೆ ಹೋದರು, ಬಾಗಿಲು ಹಾಕಿಕೊಂಡರು, ಮುಂದಿನ ಸಾಲಿನಲ್ಲಿ ಬೆಳಗಾಯಿತು. ಇದು ಮುಚ್ಚಿದ ಬಾಗಿಲು. ಓದುಗರನ್ನೂ ಒಳಗೆ ಕರೆದುಕೊಂಡು ಹೋದರೆ ತೆರೆದ ಬಾಗಿಲು. ಮೆಣಸಿನಕಾಯಿ ಎಣಿಸುವುದು ತೆರೆದ ಬಾಗಿಲಿನ ಪುಸ್ತಕಗಳಲ್ಲಿ ಎಷ್ಟು ತೆರೆದಿದೆ ಅಂತ ಹೇಳಲು. ಇದಕ್ಕೆ ಯಾವ ಸಂಸ್ಥೆಯ ಮುದ್ರೆಯೂ ಇಲ್ಲ, ಓದುಗರೇ ಹಾಕಿಕೊಂಡ ಅಳತೆ. ಹಾಗಾಗಿ ಒಬ್ಬರ ಎರಡು ಇನ್ನೊಬ್ಬರಿಗೆ ನಾಲ್ಕು. ನಮ್ಮವರಿಗೆ ಇದನ್ನು ಇನ್ನೂ ಚೆನ್ನಾಗಿ ವಿವರಿಸಬಹುದು: ಕೆಲವು ಪುಸ್ತಕ ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಜೋರು, ಖಾರ ಕಮ್ಮಿ. ಕೆಲವು ಗುಂಟೂರು. ಕಾರ್ಟೂನ್ ರಟ್ಟಿನವು ಎಷ್ಟೋ ಸಲ ಸೂಜಿ ಮೆಣಸು, ನೋಡಲು ಕಿರುಬೆರಳಿನಷ್ಟು, ಕಚ್ಚಿದ ಮೇಲೆ ನೀರು ಹುಡುಕಬೇಕು.

ಇನ್ನೊಂದು ಗೊಂದಲ ಇದೆ. ಪ್ರೇಮ ಕಾದಂಬರಿಯಲ್ಲಿ ಕಾಮ ಇರುವುದು ಬೇರೆ, ಬರೀ ಕಾಮಕಥೆ ಬೇರೆ. ಪರೀಕ್ಷೆ ಸುಲಭ. ಹಾಸಿಗೆಯ ದೃಶ್ಯಗಳನ್ನೆಲ್ಲ ಕಿತ್ತು ಹಾಕಿ. ಕಥೆ ಹೆಚ್ಚುಕಡಿಮೆ ನಿಂತುಕೊಂಡರೆ ಅದು ಮಾಮೂಲಿ ಪ್ರೇಮ ಕಾದಂಬರಿ. ಕುಂಟಿದರೆ, ಅಂದರೆ ಇಬ್ಬರ ಸಂಬಂಧ ಬದಲಾಗುವುದೇ ಆ ದೃಶ್ಯಗಳಲ್ಲಿ ಅಂತಾದರೆ, ಅದು ಎರಾಟಿಕ್ ರೊಮ್ಯಾನ್ಸ್. ಕಿತ್ತ ಮೇಲೆ ಏನೂ ಉಳಿಯದಿದ್ದರೆ ಅದು ಎರಾಟಿಕಾ. ಈಗ ಜನಪ್ರಿಯ ಆಗಿರುವುದು ಮುಖ್ಯವಾಗಿ ಮಧ್ಯದ್ದು. ಜೊತೆಗೆ ಒಂದು ಕರಾರು ಇರುತ್ತದೆ: ಕೊನೆಗೆ ಇಬ್ಬರೂ ಒಂದಾಗಲೇಬೇಕು. ಸುಖಾಂತ್ಯ ಇಲ್ಲದಿದ್ದರೆ ಆ ಓದುಗರು ಅದನ್ನು ರೊಮ್ಯಾನ್ಸ್ ಅಂತ ಒಪ್ಪುವುದೇ ಇಲ್ಲ. ಇದು ಸಣ್ಣ ವಿಷಯ ಅಲ್ಲ. ಕೊನೆ ಗೊತ್ತಿರುವುದರಿಂದಲೇ ನಡುವೆ ಏನು ಬೇಕಾದರೂ ಆಗಲಿ ಅನ್ನುವ ಧೈರ್ಯ ಓದುವವರಿಗೆ ಬರುತ್ತದೆ. ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದ ಹಾಗೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಮಿಲ್ಸ್ ಅಂಡ್ ಬೂನ್ ಶುರುವಾಗಿದ್ದು ಲಂಡನ್ನಿನಲ್ಲಿ, 1908ರಲ್ಲಿ. ಅದನ್ನು 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಕಂಪನಿ ಕೊಂಡುಕೊಂಡಿತು. ಅಲ್ಲಿಯತನಕ ಆ ಪುಸ್ತಕಗಳಲ್ಲಿ ಮುತ್ತು ದಾಟಿ ಹೋದವರು ಕಮ್ಮಿ. ಬಾಗಿಲು ಒದ್ದು ತೆಗೆದದ್ದು ಅಮೆರಿಕದ ಏವನ್ ಅನ್ನುವ ಪ್ರಕಾಶನ. 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಅವರ ‘ದ ಫ್ಲೇಮ್ ಅಂಡ್ ದ ಫ್ಲವರ್’ ಅನ್ನುವ ದಪ್ಪ ಐತಿಹಾಸಿಕ ಕಾದಂಬರಿಯನ್ನು ನೇರವಾಗಿ ಪೇಪರ್‌ಬ್ಯಾಕಿನಲ್ಲಿ ಹೊರತಂದರು. ಅಲ್ಲಿ ಮಲಗುವ ಕೋಣೆಯ ಬಾಗಿಲು ತೆರೆದೇ ಇತ್ತು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಬೆನ್ನಿಗೇ ಅಂಥವೇ ಸಾಲುಗಟ್ಟಿ ಬಂದವು. ರವಿಕೆ ಹರಿಯುವ ನಾಯಕರಿದ್ದ ಈ ಜಾತಿಯ ಪುಸ್ತಕಗಳಿಗೆ ಅಮೆರಿಕದಲ್ಲಿ ‘ಬಾಡಿಸ್ ರಿಪ್ಪರ್’ ಅಂತ ಅಡ್ಡಹೆಸರು ಬಿತ್ತು.

ಈಗ ಅವನ್ನು ಓದಿದರೆ ಒಂದು ವಿಷಯ ಕಸಿವಿಸಿ ಮಾಡುತ್ತದೆ. ಎಷ್ಟೋ ಕಥೆಗಳಲ್ಲಿ ನಾಯಕ ನಾಯಕಿಯ ಮೇಲೆ ಬಲಾತ್ಕಾರ ಮಾಡುತ್ತಾನೆ, ಆಮೇಲೆ ಅವನೇ ಗಂಡನಾಗುತ್ತಾನೆ. ಹೆಂಗಸರು ಬರೆದು ಹೆಂಗಸರೇ ಓದಿದ ಪುಸ್ತಕಗಳಲ್ಲಿ ಇದು ಯಾಕೆ? ಈ ಬಗ್ಗೆ ಬರೆದವರು ಕೊಡುವ ಒಂದು ವಿವರಣೆ ನನಗೆ ಸರಿ ಅನ್ನಿಸುತ್ತದೆ. ಒಳ್ಳೆಯ ಹುಡುಗಿ ತಾನಾಗಿ ಬಯಸಬಾರದು ಅನ್ನುವ ಕಟ್ಟು ಆಗ ಬಿಗಿಯಾಗಿತ್ತು. ಕಥೆಯಲ್ಲಿ ಅವಳಿಗೆ ಆ ಅನುಭವ ಸಿಗಬೇಕು, ಆದರೆ ತಪ್ಪು ಅವಳ ತಲೆಗೆ ಬರಬಾರದು. ಅದಕ್ಕೆ ಬಲವಂತ ಒಂದು ನೆಪ. ಅವಳು ಕೇಳಲಿಲ್ಲ, ಆಗಿಹೋಯಿತು, ಅವಳೇನು ಮಾಡಿಯಾಳು ಪಾಪ. ನೋಡುವವರ ಕಣ್ಣು ಪುಸ್ತಕದ ಹೊರಗೆ ಮಾತ್ರ ಇರಲಿಲ್ಲ, ಕಥೆಯ ಒಳಗೂ ಕೂತಿತ್ತು. ಈಗಿನ ಕಾದಂಬರಿಗಳಲ್ಲಿ ನಾಯಕ ಅರ್ಧ ದಾರಿಯಲ್ಲಿ ನಿಂತು ‘ಇದು ನಿನಗೆ ಸರಿಯಾ’ ಅಂತ ಕೇಳುತ್ತಾನೆ, ಅವಳು ಹೂಂ ಅನ್ನುತ್ತಾಳೆ, ಒಂದೊಂದು ಸಲ ಅವಳೇ ಮೊದಲು ಕೈ ಹಿಡಿದು ಎಳೆಯುತ್ತಾಳೆ. ಮೆಣಸಿನಕಾಯಿ ಎಷ್ಟು ಅನ್ನುವುದಕ್ಕಿಂತ ಐವತ್ತು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಇದು ಅಂತ ನನ್ನ ಲೆಕ್ಕ.

ಮುಂದಿನ ತಿರುವು ಕಂಪ್ಯೂಟರಿನಿಂದ ಬಂತು. 2000ದಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಟೀನಾ ಎಂಗ್ಲರ್ ಅನ್ನುವ ಲೇಖಕಿ ತಾವೇ ಒಂದು ಪ್ರಕಾಶನ ಶುರು ಮಾಡಿದರು. ಅವರ ಖಾರದ ಪುಸ್ತಕಗಳು ದೊಡ್ಡ ಪ್ರಕಾಶಕರಿಗೆ ಬೇಡವಾಗಿದ್ದವು. ಪ್ರಕಾಶನದ ಹೆಸರು ಎಲ್ಲೋರಾಸ್ ಕೇವ್. ಎಲ್ಲಿಯ ಓಹಾಯೋ, ಎಲ್ಲಿಯ ಎಲ್ಲೋರಾ! ಅವರು ಮಾರಿದ್ದು ಮುಖ್ಯವಾಗಿ ಇ-ಪುಸ್ತಕ. ಅಂಗಡಿ ಇಲ್ಲ, ಕೌಂಟರ್ ಇಲ್ಲ, ಕೌಂಟರಿನ ಹಿಂದೆ ಹುಬ್ಬು ಏರಿಸುವವರಿಲ್ಲ. ಇ-ಪುಸ್ತಕ ಓದುವ ಯಂತ್ರ ಕಿಂಡಲ್ ಬರುವುದಕ್ಕೆ ಏಳು ವರ್ಷ ಮುಂಚೆಯೇ ಹೆಂಗಸರು ದುಡ್ಡು ಕೊಟ್ಟು ಕಂಪ್ಯೂಟರಿನಲ್ಲಿ ಕಾದಂಬರಿ ಓದುತ್ತಿದ್ದರು. 2016ರ ಕೊನೆಗೆ ಆ ಪ್ರಕಾಶನ ಮುಚ್ಚಿತು, ಅಷ್ಟರಲ್ಲಿ ಅದು ತೋರಿಸಿಕೊಟ್ಟ ದಾರಿಯಲ್ಲಿ ದೊಡ್ಡವರೆಲ್ಲ ನಡೆಯುತ್ತಿದ್ದರು.

2007ರ ನವೆಂಬರಿನಲ್ಲಿ ಅಮೆಜಾನ್ ಕಿಂಡಲ್ ಬಂತು. ಕಿಂಡಲ್ಲಿಗೆ ರಟ್ಟು ಇಲ್ಲ. ಬಸ್ಸಿನಲ್ಲಿ ಎದುರು ಕೂತವರಿಗೆ ನೀವು ಓದುತ್ತಿರುವುದು ಭಗವದ್ಗೀತೆಯೋ ಬೇರೆಯೋ ಗೊತ್ತಾಗುವುದಿಲ್ಲ. ನಮ್ಮ ನ್ಯೂಸ್‌ಪೇಪರ್ ಬೈಂಡಿನ ಕೆಲಸವನ್ನು ಒಂದು ಬೂದು ಬಣ್ಣದ ಯಂತ್ರ ಮಾಡಿತು. ಈ ಹೊತ್ತಿಗೆ ಸರಿಯಾಗಿ ಬಂದದ್ದು ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಅನ್ನುವ ಖಾರದ ಕಾದಂಬರಿ. ಬ್ರಿಟನ್ನಿನ ಇ.ಎಲ್. ಜೇಮ್ಸ್ ಅದನ್ನು ಮೊದಲು ಬರೆದದ್ದು ‘ಟ್ವೈಲೈಟ್’ ಅನ್ನುವ ಜನಪ್ರಿಯ ರಕ್ತಪಿಶಾಚಿ ಪ್ರೇಮಕಥೆಯ ಪಾತ್ರಗಳನ್ನು ಇಟ್ಟುಕೊಂಡು, ಇಂಟರ್ನೆಟ್ಟಿನಲ್ಲಿ, ಪುಕ್ಕಟೆಯಾಗಿ. ಆಮೇಲೆ ಹೆಸರುಗಳನ್ನು ಬದಲಾಯಿಸಿ 2011ರಲ್ಲಿ ಆಸ್ಟ್ರೇಲಿಯಾದ ಒಂದು ಚಿಕ್ಕ ಪ್ರಕಾಶನದಿಂದ ತಂದರು. 2012ರಲ್ಲಿ ದೊಡ್ಡ ಪ್ರಕಾಶಕರು ಎತ್ತಿಕೊಂಡರು. ಆ ಸರಣಿ ಜಗತ್ತಿನಾದ್ಯಂತ 15 ಕೋಟಿ ಪ್ರತಿಗಿಂತ ಜಾಸ್ತಿ ಹೋಗಿದೆ. ಬರವಣಿಗೆ ಸಪ್ಪೆ ಅಂತ ಬೈದವರಿಗೆ ಲೆಕ್ಕವಿಲ್ಲ, ನನಗೂ ಅದು ಸಪ್ಪೆಯೇ. ಫ್ಲಾರಿಡಾದ ಬ್ರೆವಾರ್ಡ್ ಕೌಂಟಿಯ ಸಾರ್ವಜನಿಕ ಗ್ರಂಥಾಲಯಗಳು 2012ರಲ್ಲಿ ಅದನ್ನು ಕಪಾಟಿನಿಂದ ತೆಗೆದವು. ಓದುಗರು ಗಲಾಟೆ ಮಾಡಿದ ಮೇಲೆ ವಾಪಸ್ ಇಟ್ಟವು. ಆ ಗಲಾಟೆ ಗಮನಿಸಿ. ನಮ್ಮ ತೆರಿಗೆ ದುಡ್ಡಿನ ಲೈಬ್ರರಿ, ನಮಗೆ ಈ ಪುಸ್ತಕ ಬೇಕು ಅಂತ ಹೆಸರು ಹೇಳಿಕೊಂಡು ಕೇಳುವ ಧೈರ್ಯ ಅಷ್ಟರಲ್ಲಿ ಬಂದಿತ್ತು.

ಇನ್ನು ಯಾರೂ ಅಷ್ಟಾಗಿ ಮಾತಾಡದ ಒಂದು ಕಾರಣ: ದುಡ್ಡು ಕೊಡುವ ರೀತಿ. 2014ರ ಜುಲೈಯಲ್ಲಿ ಅಮೆಜಾನ್ ‘ಕಿಂಡಲ್ ಅನ್‌ಲಿಮಿಟೆಡ್’ ತಂದಿತು. ತಿಂಗಳಿಗಿಷ್ಟು ಅಂತ ಕಟ್ಟಿದರೆ ಎಷ್ಟು ಬೇಕಾದರೂ ಓದಬಹುದು. ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯೇ, ಮಾಲೀಕ ಮಾತ್ರ ಅಮೆರಿಕದಲ್ಲಿ. ಶುರುವಿನಲ್ಲಿ ನಿಯಮ ಹೀಗಿತ್ತು: ಓದುಗರು ಪುಸ್ತಕದ ಹತ್ತು ಪರ್ಸೆಂಟ್ ದಾಟಿದರೆ ಲೇಖಕರಿಗೆ ಒಂದು ಡಾಲರಿಗಿಂತ ಸ್ವಲ್ಪ ಜಾಸ್ತಿ. ಪುಸ್ತಕ 20 ಪುಟದ್ದಿರಲಿ, 400 ಪುಟದ್ದಿರಲಿ, ಅಷ್ಟೇ. 20 ಪುಟದ ಕಥೆಯಲ್ಲಿ ಎರಡು ಪುಟ ತಿರುಗಿಸಿದರೆ ದುಡ್ಡು ಬಂತು. ಸಣ್ಣ ಸಣ್ಣ ಕಾಮಕಥೆಗಳು ಅಣಬೆ ಎದ್ದ ಹಾಗೆ ಎದ್ದವು. ಒಂದು ವರ್ಷ ಆದ ಮೇಲೆ, 2015ರ ಜುಲೈಯಲ್ಲಿ, ಓದಿದ ಪುಟಕ್ಕಿಷ್ಟು ಅಂತ ಬದಲಾಯಿಸಿದರು. ಪುಟಕ್ಕೆ ಅರ್ಧ ಸೆಂಟಿನ ಆಸುಪಾಸು. ಈಗ 20 ಪುಟದ ಕಥೆ ಪೂರ್ತಿ ಓದಿದರೂ ಹತ್ತು ಸೆಂಟು ಹುಟ್ಟುವುದು ಕಷ್ಟ. 400 ಪುಟ ಓದಿಸಿದರೆ ಎರಡು ಡಾಲರಿನ ಹತ್ತಿರ.

ಬರೆಯುವವರು ದಡ್ಡರಲ್ಲ. ಸಣ್ಣ ಕಾಮಕಥೆ ಬರೆಯುತ್ತಿದ್ದ ಎಷ್ಟೋ ಜನ ಉದ್ದದ ಪ್ರೇಮ ಕಾದಂಬರಿಗೆ ತಿರುಗಿದರು. ಬರುವಾಗ ತಮ್ಮ ಖಾರದ ಡಬ್ಬಿಯನ್ನೂ ತಂದರು. ಓದುಗರನ್ನು 400 ಪುಟದ ತನಕ ಹಿಡಿದಿಡಬೇಕು ಅಂದರೆ ಒಂದೇ ಏಟಿಗೆ ಎಲ್ಲ ಕೊಟ್ಟುಬಿಡಬಾರದು. ಜಗಳ ಬೇಕು, ಕಾಯಿಸಬೇಕು, ಕೈ ತಾಗಿ ತಾಗದ ಹಾಗೆ ಇರಬೇಕು, ಮುನ್ನೂರನೇ ಪುಟದಲ್ಲಿ ಕಟ್ಟೆ ಒಡೆಯಬೇಕು. ಇದಕ್ಕೆ ಅವರು ‘ಸ್ಲೋ ಬರ್ನ್’ ಅನ್ನುತ್ತಾರೆ. ಸಣ್ಣ ಉರಿಯಲ್ಲಿ ಬೇಯಿಸುವುದು ಅಂದುಕೊಳ್ಳಿ. ಮುದ್ದೆ ತಿರುವಿದವರಿಗೆ ಗೊತ್ತು, ಉರಿ ಜೋರು ಮಾಡಿದರೆ ತಳ ಹತ್ತುತ್ತದೆ.

ಒಳ್ಳೆಯ ಖಾರದ ಕಾದಂಬರಿಯಲ್ಲಿ ಆ ದೃಶ್ಯ ಏನು ಕೆಲಸ ಮಾಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಒಂದು ಮಾದರಿ ತೆಗೆದುಕೊಳ್ಳಿ. ಇಬ್ಬರೂ ಒಂದೇ ಆಫೀಸು, ಒಬ್ಬರ ಮುಖ ಒಬ್ಬರಿಗೆ ಆಗುವುದಿಲ್ಲ. ಟೂರಿಗೆ ಹೋದ ಊರಿನ ಹೋಟೆಲಿನಲ್ಲಿ ಒಂದೇ ರೂಮು, ಒಂದೇ ಮಂಚ. ಓದುಗರಿಗೆ ಇದು ನೂರನೇ ಸಲ, ಆದರೂ ಬೇಕು. ಮಂಚದಲ್ಲಿ ಏನಾಯಿತು ಅನ್ನುವುದು ಎಂಟು ಪುಟ. ಆ ಎಂಟು ಪುಟದಲ್ಲಿ ಅವಳಿಗೆ ಗೊತ್ತಾಗುವ ವಿಷಯ ಇನ್ನೊಂದು: ಮೀಟಿಂಗಿನಲ್ಲಿ ಯಾರ ಮಾತನ್ನೂ ಕೇಳದ ಈ ಮನುಷ್ಯ ಅವಳ ಉಸಿರು ಬದಲಾಗುವುದನ್ನು ಗಮನಿಸುತ್ತಾನೆ. ಅವಳು ಬೇಡ ಅಂದ ಕೂಡಲೇ ಕೈ ತೆಗೆಯುತ್ತಾನೆ. ಬೆಳಿಗ್ಗೆ ಅವನಿಗೂ ಗೊತ್ತು, ಅವಳಿಗೂ ಗೊತ್ತು, ಇನ್ನು ಮೊದಲಿನ ಹಾಗೆ ಜಗಳ ಆಡಲು ಆಗುವುದಿಲ್ಲ. ಕಥೆ ಒಂದು ಮೆಟ್ಟಿಲು ಹತ್ತಿತು. ದೃಶ್ಯ ಬಿಟ್ಟು ಓದಿದರೆ ಆ ಮೆಟ್ಟಿಲೇ ಇಲ್ಲ. ಇಂಥ ಪುಸ್ತಕ ಓದುವವರಲ್ಲಿ ಬಹುಪಾಲು ಹೆಂಗಸರು, ಬರೆಯುವವರಲ್ಲೂ ಅವರೇ ಜಾಸ್ತಿ. ಅವಳಿಗೆ ಏನು ಅನ್ನಿಸುತ್ತಿದೆ ಅನ್ನುವುದನ್ನು ಎಂಟು ಪುಟ ಗಮನ ಕೊಟ್ಟು ಬರೆಯುವ ಬೇರೆ ಜಾಗ ಯಾವುದಿದೆ ಹೇಳಿ? ಸಿನಿಮಾದಲ್ಲಿ ಕ್ಯಾಮೆರಾ ಅವಳನ್ನು ನೋಡುತ್ತದೆ. ಇಲ್ಲಿ ಅವಳು ನೋಡುತ್ತಾಳೆ.

ಎಲ್ಲರೂ ಇಷ್ಟು ಚೆನ್ನಾಗಿ ಬರೆಯುತ್ತಾರೆ ಅಂತ ಅಲ್ಲ. ಮಾರಾಟ ಆಗುತ್ತದೆ ಅಂತ ಸುಮ್ನೆ ತುರುಕಿದ ದೃಶ್ಯಗಳೂ ಬೇಕಾದಷ್ಟಿವೆ. ಎರಡು ಪುಟ ಹಾರಿಸಿದರೂ ಕಥೆ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಇಲ್ಲಿಯತನಕ ಕಥೆ ಬಚ್ಚಿಟ್ಟುಕೊಳ್ಳುವುದರದ್ದು. ಕೊರೊನಾ ಬಂದ ಮೇಲೆ ಅದು ತಲೆಕೆಳಗಾಯಿತು. 2020ರ ಲಾಕ್‌ಡೌನಿನಲ್ಲಿ ಟಿಕ್‌ಟಾಕಿನಲ್ಲಿ ಪುಸ್ತಕ ಓದಿ ಅಳುವ, ಕಿರುಚುವ, ದಿಂಬಿಗೆ ಮುಖ ಒತ್ತಿಕೊಳ್ಳುವ ಹುಡುಗಿಯರ ವಿಡಿಯೋಗಳು ತುಂಬಿಕೊಂಡವು. ಅದಕ್ಕೆ ಬುಕ್‌ಟಾಕ್ ಅಂತ ಹೆಸರಾಯಿತು. ಕಾಮಕ್ಕೆ ಸಂಬಂಧಪಟ್ಟ ನೇರ ಪದ ಬಳಸಿದರೆ ವಿಡಿಯೋ ಮುಂದೆ ಹೋಗುವುದಿಲ್ಲ ಅನ್ನುವ ಭಯ ಇತ್ತು. ಹಾಗಾಗಿ ‘ಸ್ಪೈಸಿ’ ಅನ್ನುವ ಮಾತು, ಆ ಮೆಣಸಿನಕಾಯಿ ಚಿತ್ರ ಇನ್ನಷ್ಟು ಚಾಲ್ತಿಗೆ ಬಂದವು. ನಮ್ಮಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧ ಆಯಿತು. ಆದರೂ ಅದೇ ಪುಸ್ತಕಗಳು ಇನ್‌ಸ್ಟಾಗ್ರಾಮ್ ರೀಲ್ಸಿನ ದಾರಿ ಹಿಡಿದು ಬೆಂಗಳೂರಿಗೂ ಬಂದವು, ಮೈಸೂರಿಗೂ ಬಂದವು.

ಲೆಕ್ಕ ನೋಡಿ. ಅಮೆರಿಕದಲ್ಲಿ ಅಚ್ಚಾದ ರೊಮ್ಯಾನ್ಸ್ ಪುಸ್ತಕಗಳ ಮಾರಾಟ 2020ರಲ್ಲಿ ಸುಮಾರು 1.8 ಕೋಟಿ ಪ್ರತಿ ಇತ್ತು. 2023ಕ್ಕೆ ಅದು 3.9 ಕೋಟಿ. ಅಚ್ಚಾದವು ಅನ್ನುವುದನ್ನು ಗಮನಿಸಿ. ಬಚ್ಚಿಟ್ಟು ಓದಲು ಫೋನ್ ಇರುವಾಗ ಜನ ಕಾಗದದ ಪುಸ್ತಕ ಕೊಂಡು ಕಪಾಟಿನಲ್ಲಿ ಬಣ್ಣ ಜೋಡಿಸಿ ಇಡುತ್ತಿದ್ದಾರೆ. ರೊಮ್ಯಾನ್ಸ್ ಮಾತ್ರ ಮಾರುವ ‘ದ ರಿಪ್ಡ್ ಬಾಡಿಸ್’ ಅನ್ನುವ ಅಂಗಡಿಯನ್ನು ಅಕ್ಕತಂಗಿಯರಿಬ್ಬರು 2016ರಲ್ಲಿ ಲಾಸ್ ಏಂಜಲೀಸ್ ಕಡೆ ಶುರು ಮಾಡಿದ್ದರು. ‘ಬಾಡಿಸ್ ರಿಪ್ಪರ್’ ಅನ್ನುವ ಹಳೆಯ ಬೈಗುಳವನ್ನೇ ತಿರುಗಿಸಿ ಬೋರ್ಡಿಗೆ ಹಾಕಿಕೊಂಡ ಧೈರ್ಯ! 2023ರಲ್ಲಿ ನ್ಯೂಯಾರ್ಕಿನಲ್ಲೂ ಒಂದು ತೆರೆದರು. 2025ರ ಜನವರಿಯಲ್ಲಿ ರೆಬೆಕಾ ಯಾರೋಸ್ ಅವರ ‘ಆನಿಕ್ಸ್ ಸ್ಟಾರ್ಮ್’ ಮೊದಲ ವಾರದಲ್ಲೇ 27 ಲಕ್ಷ ಪ್ರತಿ ಹೋಯಿತು. ಡ್ರ್ಯಾಗನ್ನುಗಳು, ಯುದ್ಧ, ಮತ್ತು ಬಾಗಿಲು ತೆರೆದ ಕೋಣೆ. ಈ ಬೆರಕೆಗೆ ‘ರೊಮ್ಯಾಂಟಸಿ’ ಅನ್ನುತ್ತಾರೆ.

ಚಿಂತೆ ಪಡುವ ವಿಷಯ ಇಲ್ಲವೇ? ಇದೆ. ಕಾರ್ಟೂನ್ ರಟ್ಟು ನೋಡಿ ಹನ್ನೆರಡು ವರ್ಷದ ಮಗಳಿಗೆ ಪುಸ್ತಕ ಕೊಡಿಸಿ ಆಮೇಲೆ ಗಾಬರಿಯಾದ ಅಪ್ಪ ಅಮ್ಮ ಇದ್ದಾರೆ. ಸಿನಿಮಾಗೆ ಇರುವ ಹಾಗೆ ಪುಸ್ತಕಕ್ಕೆ ಸರ್ಟಿಫಿಕೇಟ್ ಇಲ್ಲ. ‘ಡಾರ್ಕ್ ರೊಮ್ಯಾನ್ಸ್’ ಅನ್ನುವ ಕವಲಿನಲ್ಲಿ ಅಪಹರಣ, ಹಿಂಬಾಲಿಸುವುದು, ಬಲವಂತ ಎಲ್ಲ ಮತ್ತೆ ಬಂದಿವೆ. ವ್ಯತ್ಯಾಸ ಅಂದರೆ ಈಗ ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲೇ ಒಳಗೆ ಏನೇನಿದೆ ಅಂತ ಎಚ್ಚರಿಕೆಯ ಪಟ್ಟಿ ಇರುತ್ತದೆ. ದೊಡ್ಡವರಿಗೆ ಅದು ಸಾಕು. ಮಕ್ಕಳಿಗೆ ಆ ಪಟ್ಟಿಯೇ ಜಾಹೀರಾತು ಆಗಬಹುದು, ಅಲ್ವಾ? ಮೆಣಸಿನಕಾಯಿ ಲೆಕ್ಕ ರಟ್ಟಿನ ಹಿಂದೆಯೇ ಅಚ್ಚಾದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಖಾರ ಎಷ್ಟು ಅಂತ ಚಿಪ್ಸ್ ಪ್ಯಾಕೆಟ್ಟೂ ಹೇಳುತ್ತದೆ.

ಕಾನೂನು ಕೂಡ ಬಹಳ ವರ್ಷ ಇದೇ ಕೇಳುತ್ತಿತ್ತು: ಇದು ಯಾರ ಕೈಗೆ ಸಿಕ್ಕೀತು? 1868ರ ಇಂಗ್ಲೆಂಡಿನ ಹಿಕ್ಲಿನ್ ತೀರ್ಪಿನ ಪ್ರಕಾರ, ಸುಲಭವಾಗಿ ಕೆಡುವಂಥ ಮನಸ್ಸಿನವರ ಕೈಗೆ ಸಿಕ್ಕಿದರೆ ಕೆಡಿಸುವಂಥದ್ದು ಅಶ್ಲೀಲ. ಲಂಡನ್ನಿನಲ್ಲಿ 1960ರಲ್ಲಿ ಜ್ಯೂರಿ ಡಿ.ಎಚ್. ಲಾರೆನ್ಸ್ ಅವರ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಅಶ್ಲೀಲ ಅಲ್ಲ ಅಂದಿತು. 1964ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅದೇ ಪುಸ್ತಕ ಮಾರಿದ್ದಕ್ಕೆ ಬೊಂಬಾಯಿಯ ಅಂಗಡಿಯವರಿಗೆ ಆಗಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತು. 2014ರಲ್ಲಿ ಸುಪ್ರೀಂ ಕೋರ್ಟು ಹಿಕ್ಲಿನ್ ಅಳತೆಯನ್ನು ಕೈಬಿಟ್ಟು, ಇವತ್ತಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಬೇಕು ಅಂದಿತು.

ಆದರೆ ಬರೆದವರು ಯಾರು ಅನ್ನುವುದನ್ನೂ ಸಮಾಜ ನೋಡುತ್ತದೆ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಕಥೆ ಇಲ್ಲಿ ಹೇಳಲೇಬೇಕು. ತಂಜಾವೂರಿನ ಕವಯಿತ್ರಿ ಮುದ್ದುಪಳನಿ 18ನೇ ಶತಮಾನದಲ್ಲಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಅವರು 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದರು. ಅದರಲ್ಲಿ ರಾಧೆ ತನ್ನ ಆಸೆಯನ್ನು ಮುಚ್ಚಿಡುವುದಿಲ್ಲ. ದೊಡ್ಡ ವಿದ್ವಾಂಸರು ಛೀ ಅಂದರು. ಗಂಡಸರ ಕಾವ್ಯಗಳಲ್ಲೂ ಶೃಂಗಾರ ಧಾರಾಳವಾಗಿದೆಯಲ್ಲ, ನಾಚಿಕೆ ಹೆಂಗಸರಿಗೆ ಮಾತ್ರವೋ ಅನ್ನುವುದು ನಾಗರತ್ನಮ್ಮನವರ ಪ್ರಶ್ನೆಯಾಗಿತ್ತು. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆಗೆದದ್ದು 1947ರಲ್ಲಿ.

ಕನ್ನಡದಲ್ಲಿ ಈಗಿನ ಪರಿಸ್ಥಿತಿ ಏನು? ಓದುಗರಿದ್ದಾರೆ. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಪ್ರತಿಲಿಪಿಯಂಥ ಆ್ಯಪುಗಳಲ್ಲಿ ಕನ್ನಡದ ಧಾರಾವಾಹಿಗಳು ಕಂತು ಕಂತಾಗಿ ಬರುತ್ತವೆ, ಜನ ದುಡ್ಡು ಕೊಟ್ಟೂ ಓದುತ್ತಾರೆ. ಅಲ್ಲಿ ನಾನು ಓದಿದ ಪ್ರೇಮಕಥೆಗಳಲ್ಲಿ ಬಾಗಿಲು ಹೆಚ್ಚಾಗಿ ಮುಚ್ಚಿಯೇ ಇರುತ್ತದೆ. ಮಡಿವಂತಿಕೆ ಒಂದು ಕಾರಣ ಇರಬಹುದು. ನನಗೆ ಕಾಣುವ ದೊಡ್ಡ ಕಾರಣ ಪದಗಳದ್ದು. ದೇಹದ ಬಗ್ಗೆ ನಮ್ಮ ಹತ್ತಿರ ಎರಡು ಥರದ ಪದಗಳಿವೆ. ಒಂದು ಸಂಸ್ಕೃತದ್ದು, ಬರೆದರೆ ಡಾಕ್ಟರ ಚೀಟಿಯೋ ಶಾಸ್ತ್ರವೋ ಆಗುತ್ತದೆ. ಇನ್ನೊಂದು ಬೀದಿ ಜಗಳದ್ದು, ಬರೆದರೆ ಬೈಗುಳ. ಇಬ್ಬರು ಇಷ್ಟಪಟ್ಟು ಕಿವಿಯಲ್ಲಿ ಆಡುವಂಥ ನಡುವಿನ ಪದಗಳು ಬಾಯಲ್ಲಿ ಇದ್ದರೂ ಅಚ್ಚಿನಲ್ಲಿ ಕಮ್ಮಿ. ಹಾಗಂತ ಕನ್ನಡಕ್ಕೆ ಬರುವುದೇ ಇಲ್ಲ ಅನ್ನುವ ಹಾಗಿಲ್ಲ. 16ನೇ ಶತಮಾನದ ರತ್ನಾಕರವರ್ಣಿ ‘ಭರತೇಶ ವೈಭವ’ದ ಮೊದಲ ಭಾಗಕ್ಕೆ ಭೋಗವಿಜಯ ಅಂತಲೇ ಹೆಸರಿಟ್ಟ. ರಾಜ ರಾಣಿಯರ ಸರಸವನ್ನು ಹಾಡುವ ಸಾಂಗತ್ಯದಲ್ಲಿ, ತಿಳಿಗನ್ನಡದಲ್ಲಿ, ಯಾವ ಮುಜುಗರವೂ ಇಲ್ಲದೆ ಹೇಳಿಕೊಂಡು ಹೋದ. ನಡುವೆ ನಾವು ಆ ಅಭ್ಯಾಸ ಬಿಟ್ಟೆವು.

ನನ್ನ ಗೆಳತಿಯೊಬ್ಬಳು ಇಂಥದ್ದೇ ಒಂದು ಆ್ಯಪಿನಲ್ಲಿ ಧಾರಾವಾಹಿ ಬರೆಯುತ್ತಾಳೆ. ಅರವತ್ತು ಕಂತು ಕಾಯಿಸಿದ್ದಳು. ಅರವತ್ತೊಂದರ ದಿನ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: ‘ಅವನ ಕೈ ಅವಳ ಸೊಂಟದ ತನಕ ಬಂದಿದೆ ಕಣೇ. ಮುಂದೆ ಯಾವ ಪದ ಹಾಕಲಿ?’ ನನಗೆ ಹೊಳೆದ ನಾಲ್ಕು ಪದಗಳಲ್ಲಿ ಎರಡು ಆಸ್ಪತ್ರೆಯದ್ದು, ಎರಡು ಬಸ್‌ಸ್ಟ್ಯಾಂಡಿನದ್ದು. ಹನ್ನೆರಡರ ತನಕ ಇಬ್ಬರೂ ಒದ್ದಾಡಿದೆವು. ಕೊನೆಗೆ ಅವಳು ‘ಅವನು ದೀಪ ಆರಿಸಿದ’ ಅಂತ ಬರೆದು ಕಂತು ಮುಗಿಸಿ ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಕೆಳಗೆ ಮೊದಲ ಕಾಮೆಂಟು: ‘ಅಕ್ಕಾ, ಪ್ಲೀಸ್, ಲೈಟ್ ಹಾಕಿ.’